ಕೊಪ್ಪಳದ ಬಿಸಿಲಿಗೆ ಬಾಯಿಬಿಟ್ಟ ಹಡಗು: ಒಂದು ದುರಸ್ತಿಯ ದಾಖಲೆ

ದುರಸ್ತಿಗೆ ಎತ್ತಿಕೊಂಡಿರುವುದು ‘ಕಟಿ ಸಾರ್ಕ್’ ಎಂಬ ಹಾಯಿಹಡಗಿನ ಮರದ ಮಾದರಿ, ಅಳತೆ 1:75. ಎಡಮಗ್ಗುಲಿನಲ್ಲಿ ನೀರಿನ ಗೆರೆಯ ತುಸು ಮೇಲೆ ಎರಡು ಹಲಗೆಪಟ್ಟಿಗಳ ನಡುವೆ ಉಗುರಿನ ತುದಿ ತೂರುವಷ್ಟು ಬಿರುಕು ಬಿಟ್ಟಿದೆ, ಬಲಮಗ್ಗುಲಿನಲ್ಲಿ ಅದಕ್ಕಿಂತ ಸಣ್ಣ ಬಿರುಕುಗಳು ಅಲ್ಲಲ್ಲಿ ಕಾಣುತ್ತಿವೆ. ನಡುಗೂವೆಯ, ಅಂದರೆ ನಡುವಿನ ಹಾಯಿಕಂಬದ, ಹಗ್ಗಗಳೆಲ್ಲ ಜೋತುಬಿದ್ದಿವೆ. ಚುಕ್ಕಾಣಿಯು ಮೇಲಿನ ಒಂದೇ ತಿರುಗಣಿಯ ಆಸರೆಯಲ್ಲಿ ನೇತಾಡುತ್ತಿದೆ, ಮುಂಭಾಗದ ಬೊಂಬೆಯ ಚಾಚಿದ ಕೈ ತುಂಡಾಗಿದೆ, ಲಂಗರುಗಳ ಮೇಲೆ ಬೂಷ್ಟಿನಂಥ ಬಿಳಿಯ ಪುಡಿ ಕುಳಿತಿದೆ. ಹಡಗು ಕೈಜಾರಿ ಬಿದ್ದದ್ದಿಲ್ಲ, ಮಕ್ಕಳ ಕೈಗೆ ಸಿಕ್ಕಿದ್ದೂ ಇಲ್ಲ. ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಗ ಕಟ್ಟಿದ್ದು ನಿವೃತ್ತಿಯ ನಂತರ ನನ್ನೊಂದಿಗೆ ಕೊಪ್ಪಳಕ್ಕೆ ಬಂದು ಇಲ್ಲಿನ ಬೇಸಿಗೆಗಳನ್ನು ಕಂಡಿತು, ಅಷ್ಟೇ.

ಮರವು ತನ್ನ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತದೆ ಮತ್ತು ಬಿಡುತ್ತದೆ. ಕಡಿದು ಎಷ್ಟು ವರ್ಷವಾದರೂ ಈ ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 80ರ ಆಸುಪಾಸಿನಲ್ಲಿದ್ದರೆ ಮರದೊಳಗೆ ಅದರ ಒಣತೂಕದ ಶೇಕಡ 15ರಿಂದ 16ರಷ್ಟು ನೀರು ನಿಲ್ಲುತ್ತದೆ. ತೇವಾಂಶ ಶೇಕಡ 30ಕ್ಕೆ ಇಳಿದರೆ ಆ ನೀರು ಶೇಕಡ 6ರ ಸುತ್ತಮುತ್ತ ಬಂದು ನಿಲ್ಲುತ್ತದೆ. ಮಂಗಳೂರಿನ ಮಳೆಗಾಲಕ್ಕೂ ಕೊಪ್ಪಳದ ಏಪ್ರಿಲ್ ಮಧ್ಯಾಹ್ನಕ್ಕೂ ಇರುವ ಅಂತರ ಹೆಚ್ಚುಕಡಿಮೆ ಇದೇ. ನೀರು ಹೋದಾಗ ಮರ ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಕುಗ್ಗುವುದೆಲ್ಲ ಎಳೆಗೆ ಅಡ್ಡವಾಗಿ. ನನ್ನ ಹಡಗಿನ ಒಳಪದರ ಲಿಂಡನ್ ಮರದ 5 ಮಿಲಿಮೀಟರ್ ಅಗಲದ ಪಟ್ಟಿಗಳದ್ದು, ಮತ್ತು ಈ ಮರದ ನೀರಿನಂಶ ಶೇಕಡ 1ರಷ್ಟು ಇಳಿದರೆ ಅಗಲ ಸುಮಾರು ಶೇಕಡ 0.3ರಷ್ಟು ಕಿರಿದಾಗುತ್ತದೆ. ಶೇಕಡ 8 ಇಳಿದಾಗ ಒಂದು ಪಟ್ಟಿ ಕಳೆದುಕೊಳ್ಳುವುದು ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ, ಅದು ಕಣ್ಣಿಗೆ ಕಾಣದು. ಆದರೆ ಇಂಥ ಇಪ್ಪತ್ತು ಪಟ್ಟಿಗಳು ಒಂದಕ್ಕೊಂದು ಅಂಟಿ ಒಂದೇ ಹಾಳೆಯಾಗಿ, ಆ ಹಾಳೆಯ ಒಂದು ಅಂಚು ಕೆಳಗಿನ ಬೆನ್ನುಹಲಗೆಯನ್ನೂ ಇನ್ನೊಂದು ಅಂಚು ಮೇಲಿನ ಅಟ್ಟವನ್ನೂ (ಡೆಕ್) ಕಚ್ಚಿಕೊಂಡಿದ್ದರೆ, ಎರಡೂವರೆ ಮಿಲಿಮೀಟರಿನ ಅಷ್ಟೂ ಸೆಳೆತ ಇರುವುದರಲ್ಲಿ ದುರ್ಬಲವಾದ ಒಂದೆರಡು ಸಂದುಗಳನ್ನು ಹುಡುಕಿಕೊಂಡು ಹೋಗಿ ಅಲ್ಲಿ ಬಾಯಿ ತೆರೆಯುತ್ತದೆ. ಕಡಲತೀರದಲ್ಲಿ ನಿಜವಾದ ಮರದ ದೋಣಿಯನ್ನು ಬಹುಕಾಲ ದಡಕ್ಕೆ ಎಳೆದಿಟ್ಟರೂ ಆಗುವುದು ಹೀಗೆಯೇ. ಮತ್ತೆ ನೀರಿಗಿಳಿಸಿದರೆ ಅದರ ಹಲಗೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯಲ್ಲಿರುವ ಹಡಗಿಗೆ ಆ ಭಾಗ್ಯವಿಲ್ಲ.

ಕಡಲಿನಿಂದ ಇಷ್ಟು ದೂರದವನಿಗೆ ಹಡಗಿನ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳುವವರಿಗೆ ನಾನು ಮುನಿರಾಬಾದಿನ ಎಡದಂಡೆ ಕಾಲುವೆಯ ಹೆಸರು ಹೇಳುತ್ತೇನೆ. ತುಂಗಭದ್ರಾ ಅಣೆಕಟ್ಟೆಯ ಕೆಲಸ 1953ರಲ್ಲಿ ಮುಗಿದ ಮೇಲೂ ಯಂತ್ರಗಳು ಬಂದಿದ್ದ ಪೆಟ್ಟಿಗೆಗಳ ಹಗುರವಾದ ಹಲಗೆಗಳು ಕ್ಯಾಂಪಿನ ಮನೆಗಳಲ್ಲಿ ಗೂಡುಗಳಾಗಿ, ಕೋಳಿಯ ಗೂಡಿನ ಬಾಗಿಲುಗಳಾಗಿ ಬಹುಕಾಲ ಉಳಿದಿದ್ದವು. ಅದರ ತುಂಡನ್ನು ಕುಡುಗೋಲಿನಿಂದ ಕೆತ್ತಿ, ತೆಂಗಿನ ಕಡ್ಡಿ ಚುಚ್ಚಿ, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹಾಯಿಯಾಗಿಸಿ ಕಾಲುವೆಗೆ ಬಿಟ್ಟು, ದಂಡೆಗುಂಟ ಓಡುವುದು ನಮ್ಮ ಆಟವಾಗಿತ್ತು. ಗಟ್ಟಿ ಮರವನ್ನು ಕೆತ್ತಿ ತೆಗೆಯುವುದೊಂದೇ ದೋಣಿ ಮಾಡುವ ದಾರಿಯಲ್ಲ ಎಂಬುದು ತಿಳಿದದ್ದು ಆನೆಗೊಂದಿಯ ಹರಿಗೋಲಿನಿಂದ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅದೇ ಹೊಳೆಯಲ್ಲಿ ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತದ ಹೆಣಿಗೆ ಮತ್ತು ಹೊರಗೆ ಚರ್ಮದ ಹೊದಿಕೆ ಇದ್ದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ದಾಟುತ್ತಿದ್ದರೆಂದು ಬರೆದಿದ್ದಾನೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆಯೇ ಹೊರತು ಕಟ್ಟುವ ಕ್ರಮ ಬದಲಾಗಿಲ್ಲ. ಮೊದಲು ಎಲುಬಿನ ಹಂದರ, ಆಮೇಲೆ ಅದರ ಮೇಲೆ ಚರ್ಮ: ಮುಂದೆ ಮಾದರಿ ಹಡಗು ಕಟ್ಟುವ ಸಾಮಗ್ರಿಯ ಪೆಟ್ಟಿಗೆಯನ್ನು, ಅಂದರೆ ಕಿಟ್ಟನ್ನು, ತೆರೆದಾಗ ಅದರ ನಕ್ಷೆಯಲ್ಲಿ ಕಂಡದ್ದು ಇದೇ ಆಗಿತ್ತು.

ಮೊದಲ ಕಿಟ್ ಬಂದದ್ದು 1980ರ ದಶಕದಲ್ಲಿ, ವ್ಯಾಪಾರಿ ಹಡಗಿನ ಕೆಲಸದಲ್ಲಿದ್ದ ಸಂಬಂಧಿಯೊಬ್ಬರ ಪೆಟ್ಟಿಗೆಯಲ್ಲಿ. ಡೆನ್ಮಾರ್ಕಿನ ಬಿಲ್ಲಿಂಗ್ ಬೋಟ್ಸ್, ಇಟಲಿಯ ಅಮಾಟಿ ಮತ್ತು ಮಾಂಟುವಾ, ಸ್ಪೇನಿನ ಆರ್ಟೆಸಾನಿಯಾ ಲಾಟಿನಾ ಎಂಬ ಕಿಟ್ ತಯಾರಕರ ಹೆಸರುಗಳು ಬಾಯಿಪಾಠವಾದದ್ದು ಆಮೇಲೆ. ಆ ಕಾಲದ ಕಿಟ್ಟಿನಲ್ಲಿ ಪ್ಲೈವುಡ್ ಹಾಳೆಯ ಮೇಲೆ ಪಕ್ಕೆಲುಬುಗಳ ಆಕಾರ ಅಚ್ಚಾಗಿರುತ್ತಿತ್ತು. ಕತ್ತರಿಸುವುದು ನಮ್ಮ ಪಾಲಿನ ಕೆಲಸ. ಕೂದಲೆಳೆಯಂಥ ಅಲಗಿನ ಫ್ರೆಟ್‌ಸಾ ಹಿಡಿದು ಗೆರೆಯ ಹೊರಗೆ ಅರ್ಧ ಮಿಲಿಮೀಟರ್ ಬಿಟ್ಟು ಕೊಯ್ದು, ಅರದಿಂದ ಗೆರೆಗೆ ತಂದು, ಎಲ್ಲ ಪಕ್ಕೆಲುಬುಗಳನ್ನೂ ಬೆನ್ನುಹಲಗೆಯ ಕಚ್ಚುಗಳಿಗೆ ಕೂರಿಸಿ, ಒಂದು ಪಟ್ಟಿಯನ್ನು ಅವುಗಳ ಮೇಲೆ ಬಾಗಿಸಿ ನೋಡಿದಾಗ ಅದು ಎಲ್ಲ ಕಡೆಯೂ ತಾಗಿದರೆ ಆ ದಿನ ಊಟ ರುಚಿಸುತ್ತಿತ್ತು. ಈಗಿನ ಕಿಟ್‌ಗಳಲ್ಲಿ ಲೇಸರ್ ಈ ಕೆಲಸವನ್ನು ಮಾಡಿಕೊಟ್ಟಿರುತ್ತದೆ. ಆಕಾರದ ಕರಾರುವಾಕ್ಕುತನದಲ್ಲಿ ಅದಕ್ಕೆ ನಮ್ಮ ಕೈ ಸಾಟಿಯಲ್ಲ ಎಂದು ಒಪ್ಪುತ್ತೇನೆ. ಆದರೂ ಲೇಸರ್ ಸುಟ್ಟ ಕಪ್ಪು ಅಂಚಿಗೆ ಅಂಟು ಸರಿಯಾಗಿ ಹಿಡಿಯದ ಕಾರಣ ಅದನ್ನು ಉಜ್ಜಿ ತೆಗೆಯಲೇಬೇಕಾಗುತ್ತದೆ, ಮತ್ತು ಫ್ರೆಟ್‌ಸಾ ಹಿಡಿಯದವನ ಕೈಗೆ ಮರದ ಎಳೆ ಯಾವ ಕಡೆ ಓಡುತ್ತದೆಂಬುದು ಹಲಗೆಪಟ್ಟಿ ಮುರಿಯುವ ತನಕ ತಿಳಿಯುವುದಿಲ್ಲ.

ಮೀನುಗಾರಿಕೆಯ ದೋಣಿಯಿಂದ ಆರಂಭವಾಗಿ ಎರಡು ಕೂವೆಯ ಸ್ಕೂನರ್‌ಗಳನ್ನು ದಾಟಿ ಕಟಿ ಸಾರ್ಕ್‌ವರೆಗೆ ಬಂದೆ. ಉಳಿದವುಗಳನ್ನು ಕೇಳಿದವರಿಗೆ ಕೊಟ್ಟಿದ್ದೇನೆ, ಇದನ್ನು ಕೊಡಲಿಲ್ಲ. ನಿಜವಾದ ಕಟಿ ಸಾರ್ಕ್ ಹರ್ಕ್ಯುಲಿಸ್ ಲಿಂಟನ್ನನ ವಿನ್ಯಾಸದಂತೆ ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ನಿರ್ಮಾಣವಾಗಿ 1869ರ ನವೆಂಬರ್ 22ರಂದು ನೀರಿಗಿಳಿಯಿತು. ಚೀನಾದ ಚಹಾವನ್ನು ಎಲ್ಲರಿಗಿಂತ ಮೊದಲು ಲಂಡನ್ನಿಗೆ ತಲುಪಿಸಲೆಂದೇ ಕಟ್ಟಿದ ಹಡಗು ಅದು. ಅದು ನೀರಿಗಿಳಿಯುವ ಐದು ದಿನ ಮೊದಲು ಸೂಯೆಜ್ ಕಾಲುವೆ ತೆರೆದಿತ್ತು. ಗಾಳಿಯನ್ನು ನಂಬಿದ ಹಡಗು ಆಫ್ರಿಕಾವನ್ನು ಸುತ್ತಬೇಕು, ಹಬೆಯ ಹಡಗು ಕಾಲುವೆಯಲ್ಲಿ ನುಸುಳಿ ಹೋಗುತ್ತದೆ. ಹೀಗಾಗಿ ಕೆಲವೇ ವರ್ಷಗಳಲ್ಲಿ ಚಹಾ ಕೈಬಿಟ್ಟು ಆಸ್ಟ್ರೇಲಿಯದ ಉಣ್ಣೆ ಹೊರುವ ಕೆಲಸ ಅದರ ಪಾಲಿಗೆ ಬಂತು. ಹುಟ್ಟುವಾಗಲೇ ಕಾಲ ಮೀರಿದ್ದ ಹಡಗು ಎಂಬುದಕ್ಕೇ ನನಗೆ ಅದರ ಮೇಲೆ ಒಲವು. ಅದರ ಒಡಲಿನ ಉದ್ದ ಸುಮಾರು 64.8 ಮೀಟರ್, ಅಗಲ 11 ಮೀಟರಿಗೆ ತುಸು ಕಡಿಮೆ. ನನ್ನ ಮೇಜಿನ ಮೇಲೆ ಅದು 86 ಸೆಂಟಿಮೀಟರ್ ಉದ್ದ, ಹದಿನಾಲ್ಕೂವರೆ ಸೆಂಟಿಮೀಟರ್ ಅಗಲ.

ಕಾಯುವ ಕೆಲಸ

ಬಿರುಕು ಕಂಡದ್ದು ಬೇಸಿಗೆಯಲ್ಲಿ, ಮುಚ್ಚಿದ್ದು ಮಳೆಗಾಲ ಕಳೆದ ಮೇಲೆ. ಮರ ಪೂರಾ ಒಣಗಿ ಕುಗ್ಗಿದ್ದಾಗ ಸಂದಿಗೆ ಗಟ್ಟಿ ಸಾಮಗ್ರಿ ತುಂಬಿದರೆ, ಆಗಸ್ಟಿನಲ್ಲಿ ಹಲಗೆ ಉಬ್ಬಲು ಜಾಗವಿಲ್ಲದೆ ಪಕ್ಕದ ಸಂದನ್ನು ಎತ್ತಿಬಿಡುತ್ತದೆ. ಮರ ತೇವದಿಂದ ತುಂಬಿದ್ದಾಗ ಮುಚ್ಚಿದರೆ ಮುಂದಿನ ಏಪ್ರಿಲ್‌ಗೆ ಮತ್ತೆ ಬಿರುಕು. ನಡುವಣ ಹದ ಬೇಕು. ಪೆಟ್ಟಿಗೆಯೊಳಗಿನ ಗಾಳಿಯನ್ನು ಶೇಕಡ 50ರ ಸುತ್ತ ನಿಲ್ಲಿಸುವುದು ನನ್ನ ಗುರಿಯಾಗಿತ್ತು.

ಅಳೆಯಲು ಅಗ್ಗದ ಡಿಜಿಟಲ್ ತೇವಮಾಪಕ ಸಾಕು, ಆದರೆ ಅದರ ಮಾತನ್ನು ಪರೀಕ್ಷಿಸದೆ ನಂಬಬಾರದು. ಒಂದು ಬಟ್ಟಲಿನಲ್ಲಿ ಅಡುಗೆ ಉಪ್ಪಿಗೆ ಕೆಸರಾಗುವಷ್ಟು ಮಾತ್ರ ನೀರು ಬೆರೆಸಿ, ಅದರೊಡನೆ ಮಾಪಕವನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಒಳಗಿನ ತೇವಾಂಶ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ ಬೇರೆ ಏನನ್ನು ತೋರಿಸಿದರೂ ಆ ವ್ಯತ್ಯಾಸವನ್ನು ಕಾಗದದ ಮೇಲೆ ಬರೆದು ಅದರ ಬೆನ್ನಿಗೆ ಅಂಟಿಸಬೇಕು. ಇದೇ ಗುಣ ಬೇರೆ ಲವಣಗಳಿಗೂ ಇದೆ, ಅಂಕಿ ಮಾತ್ರ ಬೇರೆ. ಮೆಗ್ನೀಸಿಯಂ ನೈಟ್ರೇಟಿನ ಇಂಥದೇ ಕೆಸರು ಶೇಕಡ 50ಕ್ಕಿಂತ ತುಸು ಮೇಲೆ ನಿಲ್ಲುತ್ತದೆ, ಮತ್ತು ಅದು ನೀರಿನಲ್ಲಿ ಕರಗುವ ಗೊಬ್ಬರವಾದ್ದರಿಂದ ಗಂಗಾವತಿಯ ಕಡೆ ಭತ್ತದ ನಾಡಿನ ಗೊಬ್ಬರದಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಹಡಗಿಗೆ ಎಂದು ಹೇಳಿದಾಗ ಅಂಗಡಿಯವರು ಇನ್ನೊಮ್ಮೆ ಕೇಳಿದರು, ಅದು ಬೇರೆ ಮಾತು. ಅಗಲವಾದ ಗಾಜಿನ ಬಟ್ಟಲಿನಲ್ಲಿ ಆ ಕೆಸರನ್ನಿಟ್ಟು ತೆಳುಬಟ್ಟೆ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಟ್ಟೆ. ಲವಣ ಬಟ್ಟಲಿನ ಅಂಚು ಹತ್ತಿ ಹೊರಗೆ ಹರಿಯುವ ಸ್ವಭಾವದ್ದು, ಮರಕ್ಕೂ ಹಿತ್ತಾಳೆಗೂ ಅದು ತಾಗಕೂಡದು. ವಾರಗಳು ಕಳೆದಂತೆ ಎಡಮಗ್ಗುಲಿನ ಬಿರುಕು ಅರ್ಧಕ್ಕೆ ಇಳಿಯಿತು, ಬಲಮಗ್ಗುಲಿನವು ಕೂದಲೆಳೆಯಾದವು. ಆ ಹಂತದಲ್ಲಿ ಉಳಿದದ್ದೇ ನಿಜವಾಗಿ ಮುಚ್ಚಬೇಕಾದ ಸಂದು.

ಕಾಯುವ ಅವಧಿಯಲ್ಲಿ ಧೂಳು ತೆಗೆದೆ. ಪೆಟ್ಟಿಗೆ ಎಷ್ಟು ಮುಚ್ಚಿದ್ದರೂ ನಮ್ಮ ಕಡೆಯ ಧೂಳು ಒಳಗೆ ಬರುತ್ತದೆ. ಮೃದುವಾದ ಬಣ್ಣದ ಕುಂಚದಿಂದ ಮೇಲಿನಿಂದ ಕೆಳಗೆ ತಟ್ಟುತ್ತಾ ಬಂದು, ಜಿಡ್ಡು ಹಿಡಿದಲ್ಲಿ ಹತ್ತಿಯ ಕಡ್ಡಿಯನ್ನು ಉಗುಳಿನಲ್ಲಿ ಒದ್ದೆ ಮಾಡಿ ಉರುಳಿಸಿದೆ. ಕೇಳಲು ಅಸಹ್ಯವೆನಿಸಬಹುದು, ವಸ್ತುಸಂಗ್ರಹಾಲಯಗಳ ಸಂರಕ್ಷಕರೂ ಮಾಡುವುದು ಇದನ್ನೇ, ಏಕೆಂದರೆ ಉಗುಳಿನಲ್ಲಿರುವ ಕಿಣ್ವ ಕೊಳೆಯನ್ನು ಸಡಿಲಿಸುತ್ತದೆ, ಮೆರುಗನ್ನು ಕೆಡಿಸುವುದಿಲ್ಲ.

ಒಡಲು

ನಿಜವಾದ ಹಡಗಿನ ಒಡಲಿಗೆ ಕಪ್ಪು ಬಣ್ಣ. ನಾನು ಕಟ್ಟುವಾಗ ಹೊರಪದರದ ಮಹಾಗನಿಯ ಎಳೆ ಕಾಣಲೆಂದು ಬಣ್ಣ ಬಳಿಯದೆ ಅರಗಿನ ಮೆರುಗನ್ನಷ್ಟೇ ಕೊಟ್ಟಿದ್ದೆ. ಹೀಗಾಗಿ ಮರದ ಪುಡಿ ಮತ್ತು ಅಂಟಿನ ಲೇಪ ಹಚ್ಚಿ ಮೇಲೆ ಬಣ್ಣ ಬಳಿದು ಮುಗಿಸುವ ಸುಲಭದ ದಾರಿ ಇಲ್ಲಿ ನಡೆಯುವುದಿಲ್ಲ, ಸಂದಿಗೆ ಮರವೇ ಬೇಕು.

ಮಹಾಗನಿಗೆ ಬಣ್ಣ ಹೊಂದುವ ಮರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಬೇವು ಮಹಾಗನಿಯದೇ ಕುಟುಂಬಕ್ಕೆ ಸೇರಿದ ಮರ. ಹಳೆಯ ಬೇವಿನ ತಿರುಳು ಗಾಳಿ ಬೆಳಕಿಗೆ ಬಲಿತು ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆ. ಕೆಡವಿದ ಮನೆಯೊಂದರ ಕಿಟಕಿಯ ಚೌಕಟ್ಟಿನ ತುಂಡು ಸಿಕ್ಕಿತು. ಎಷ್ಟೋ ಬೇಸಿಗೆಗಳನ್ನು ಇಲ್ಲಿಯೇ ಕಳೆದ ಮರ ಅದು, ಇನ್ನು ಹೊಸದಾಗಿ ಸೊಟ್ಟಗಾಗುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಬೇವಿನ ಎಳೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ತೋಪಡಾ ಹಿಡಿದರೆ ಕಿತ್ತುಬರುತ್ತದೆ. ತೆಳ್ಳನೆಯ ಅಲಗಿನಿಂದ ಕೊಯ್ದು, ಗಾಜಿನ ಮೇಲೆ ಅಂಟಿಸಿದ ಉಜ್ಜುಕಾಗದದ ಮೇಲೆ ಎಳೆದು ಎಳೆದು ತೆಳುಮಾಡಬೇಕು. ಒಂದು ಅಂಚು ಬೆಣೆಯಂತೆ ಚೂಪಾಗಿ ಇನ್ನೊಂದು ಅಂಚು ಅರ್ಧ ಮಿಲಿಮೀಟರ್ ದಪ್ಪವಿರುವ ಸೀಳುಗಳನ್ನು ಹಾಗೆ ಮಾಡಿಕೊಂಡೆ.

ಇಡೀ ದುರಸ್ತಿಯಲ್ಲಿ ನೆನಪಿಡತಕ್ಕ ಒಂದು ಸಂಗತಿಯಿದ್ದರೆ ಅದು ಮುಂದಿನದು. ಬೆಣೆಸೀಳಿನ ಒಂದೇ ಮಗ್ಗುಲಿಗೆ ಅಂಟು ಹಚ್ಚಬೇಕು. ಮೇಲಿನ ಹಲಗೆಗೆ ಅದು ಕಚ್ಚಿಕೊಂಡಿರಲಿ, ಕೆಳಗಿನ ಹಲಗೆಗೆ ತಾಗಿಯಷ್ಟೇ ಕುಳಿತಿರಲಿ. ಎರಡೂ ಕಡೆ ಅಂಟಿಸಿದರೆ ಒಡಲು ಮತ್ತೆ ಒಂದೇ ಹಾಳೆಯಾಗುತ್ತದೆ, ಮತ್ತು ಮುಂದಿನ ಬೇಸಿಗೆ ಇನ್ನೊಂದು ದುರ್ಬಲ ಸಂದನ್ನು ಹುಡುಕುತ್ತದೆ. ಒಂದೇ ಕಡೆ ಅಂಟಿದ್ದರೆ ಏಪ್ರಿಲ್‌ನಲ್ಲಿ ಅಲ್ಲಿ ಕೂದಲೆಳೆಯಷ್ಟು ಗೆರೆ ಕಾಣಬಹುದು, ಜುಲೈನಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಆ ಗೆರೆಯನ್ನು ಸಹಿಸದವರು ಮರದ ಹಡಗನ್ನು ಕಟ್ಟುವ ಬದಲು ಪ್ಲಾಸ್ಟಿಕ್ಕಿನದನ್ನು ಕಟ್ಟುವುದು ಒಳ್ಳೆಯದು.

ಅಂಟಿಗೆ ಈ ಜಾಗದಲ್ಲಿ ಫೆವಿಕಾಲ್ ಬಿಟ್ಟು ಹಳೆಯ ಮರವಜ್ರವನ್ನೇ ಬಳಸಿದೆ, ಬಿಸಿನೀರಿನ ಆವಿಗೆ ಅದು ಯಾವಾಗ ಬೇಕಾದರೂ ಬಿಡುತ್ತದೆ ಎಂಬ ಕಾರಣಕ್ಕೆ. ಮೊದಲು ಕಟ್ಟಿದಾಗಿನ ಬಿಳಿ ಅಂಟನ್ನು ಬಿಡಿಸಬೇಕಾದಲ್ಲೆಲ್ಲ ಐಸೊಪ್ರೊಪೈಲ್ ಆಲ್ಕೊಹಾಲನ್ನು ಕುಂಚದ ತುದಿಯಲ್ಲಿ ತಾಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅಂಟು ಮೆತ್ತಗಾಗಿ ಬರುತ್ತದೆ. ಆದರೆ ಅರಗೂ ಆಲ್ಕೊಹಾಲಿನಲ್ಲಿ ಕರಗುವುದರಿಂದ ಮೆರುಗಿರುವ ಕಡೆ ಒಂದು ಹನಿ ಬಿದ್ದರೂ ಕಲೆ ನಿಲ್ಲುತ್ತದೆ.

ಅಟ್ಟದ ಒಂದು ಹಲಗೆಯನ್ನು ಹೀಗೆ ಬಿಡಿಸಿದಾಗ ಒಳಗಿನ ಪಕ್ಕೆಲುಬುಗಳು ಕಂಡವು. ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನ ಗುರುತು: ಮುಂಭಾಗದಲ್ಲಿ ಪಟ್ಟಿಗಳ ಅಗಲ ಎಲ್ಲಿಂದ ಕಿರಿದಾಗಬೇಕು, ಎಷ್ಟಕ್ಕೆ ಇಳಿಯಬೇಕು ಎಂಬ ಲೆಕ್ಕ. ಒಡಲು ಮೂತಿಯ ಕಡೆ ಕಿರಿದಾಗುವಾಗ ಪಟ್ಟಿಗಳನ್ನು ಇಳಿಸಿ ಕತ್ತರಿಸಬೇಕಾಗುತ್ತದೆ, ಆದರೆ ಮೊದಲಿನ ಅಗಲದ ಅರ್ಧಕ್ಕಿಂತ ಕೆಳಗೆ ಹೋಗಬಾರದು. ಅಷ್ಟರಲ್ಲೂ ಹಿಡಿಸದಿದ್ದರೆ ಎರಡು ಪಟ್ಟಿಗಳನ್ನು ಒಂದರಲ್ಲಿ ಮುಗಿಸಬೇಕು. ಎಡಕ್ಕೊಂದು ಬಲಕ್ಕೊಂದು ಎಂದು ಸರದಿಯಲ್ಲಿ ಅಂಟಿಸಿದ ಕ್ರಮಕ್ಕೂ ಸಂಖ್ಯೆಗಳಿದ್ದವು, ಒಂದೇ ಕಡೆ ಪಟ್ಟಿ ಏರಿಸುತ್ತ ಹೋದರೆ ಬೆನ್ನುಹಲಗೆ ಆ ಕಡೆಗೆ ಬಿಲ್ಲಾಗುತ್ತದೆ. ಆ ಅಕ್ಷರಗಳು ಈಗಿನ ನನ್ನ ಅಕ್ಷರಗಳಿಗಿಂತ ಸಣ್ಣವು, ಒತ್ತೊತ್ತಾದವು. ಅವುಗಳ ಪಕ್ಕದಲ್ಲಿ ಈಗಿನ ದುರಸ್ತಿಯ ವರ್ಷವನ್ನೂ ಯಾವ ಸಂದಿಗೆ ಯಾವ ಮಗ್ಗುಲಲ್ಲಿ ಅಂಟು ಹಚ್ಚಿದೆ ಎಂಬುದನ್ನೂ ಬರೆದು ಹಲಗೆಯನ್ನು ಮುಚ್ಚಿದೆ.

ಅಟ್ಟದ ಹಲಗೆಗೆ ಮರದ ಮೊಳೆಗಳು ಬೇಕಾದವು. ಊದುಬತ್ತಿಯ ಬಿದಿರುಕಡ್ಡಿಯನ್ನು ಸೀಳಿ, ಅಕ್ಕಸಾಲಿಗರು ತಂತಿ ಎಳೆಯುವ ತೂತುಗಳ ಉಕ್ಕಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣ ತೂತಿನವರೆಗೆ ಒಂದೊಂದರಲ್ಲೂ ಎಳೆಯುತ್ತ ಬಂದರೆ ಅರ್ಧ ಮಿಲಿಮೀಟರಿನ ದುಂಡುಕಡ್ಡಿ ಸಿಗುತ್ತದೆ. ಲೋಹವನ್ನು ಆ ಪಟ್ಟಿ ಒತ್ತಿ ಸಣ್ಣದು ಮಾಡುತ್ತದೆ, ಬಿದಿರನ್ನು ಹೆರೆಯಬೇಕು; ಆದುದರಿಂದ ಪಟ್ಟಿಯನ್ನು ಹಿಂದುಮುಂದಾಗಿ ಹಿಡಿದು ತೂತಿನ ಚೂಪು ಅಂಚಿನ ಕಡೆಯಿಂದ ಎಳೆಯಬೇಕು.

ನೀರಿನ ಗೆರೆಯ ಕೆಳಗಿನ ತಗಡು ಮೂಲೆಗಳಲ್ಲಿ ಎದ್ದಿತ್ತು. ಮೂಲ ಹಡಗಿನಲ್ಲಿ ಕಬ್ಬಿಣದ ಎಲುಬಿನ ಮೇಲೆ ಮರದ ಹಲಗೆ ಹೊದಿಸಿ, ನೀರಿನೊಳಗಿನ ಭಾಗಕ್ಕೆ ಸುಮಾರು ಶೇಕಡ 60 ತಾಮ್ರ, ಶೇಕಡ 40 ಸತುವಿನ ಮಂಟ್ಜ್ ಲೋಹವನ್ನು ಹೊಡೆದಿದ್ದರು. ಮರ ಕೊರೆಯುವ ಹುಳವೂ ಚಿಪ್ಪುಜೀವಿಗಳೂ ಹತ್ತಿರ ಬಾರದಂತೆ, ವೇಗ ತಗ್ಗದಂತೆ. ಆ ಕಾಲದ ಹಡಗುಗಳಿಗೆ ಹೊಡೆಯುತ್ತಿದ್ದ ತಗಡು ಸಾಮಾನ್ಯವಾಗಿ ನಾಲ್ಕು ಅಡಿ ಉದ್ದ, ಹದಿನಾಲ್ಕು ಅಂಗುಲ ಅಗಲದ್ದು. 1:75ರಲ್ಲಿ ಅದರ ಅಗಲ 4.7 ಮಿಲಿಮೀಟರ್ ಆಗುತ್ತದೆ. ಬಣ್ಣದ ಗಾಜಿನ ಕೆಲಸದವರು ಬಳಸುವ 3/16 ಅಂಗುಲದ ಅಂಟುತಾಮ್ರದ ಸುರುಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ. 16 ಮಿಲಿಮೀಟರಿಗೆ ಒಂದರಂತೆ ಕತ್ತರಿಸಿ, ಹಿಂಭಾಗದಿಂದ ಮುಂದಕ್ಕೆ ಸಾಲುಹಿಡಿದು ಅಂಟಿಸಿದೆ. ಮೊಳೆಯ ಗುರುತು ಕಾಣಲೆಂದು ಪ್ರತಿ ತಗಡಿಗೂ ಚುಕ್ಕಿ ಒತ್ತುವವರಿದ್ದಾರೆ. ಈ ಅಳತೆಯಲ್ಲಿ ನಿಜವಾದ ಮೊಳೆಯ ತಲೆ ಕಣ್ಣಿಗೆ ಕಾಣುವಷ್ಟಿರುವುದಿಲ್ಲ, ಒತ್ತಿದ ಚುಕ್ಕಿಗಳಿಂದ ಒಡಲಿಗೆ ಸಿಡುಬು ಎದ್ದಂತಾಗುತ್ತದೆ.

ಕೊನೆಗೆ ಅರಗಿನ ಎರಡು ತೆಳು ಲೇಪ. ನೀರಿನ ಆವಿಯನ್ನು ತಡೆಯುವುದರಲ್ಲಿ ಅರಗು ಎಣ್ಣೆಯ ಮೆರುಗಿಗಿಂತ ಎಷ್ಟೋ ಮೇಲು.

ಚುಕ್ಕಾಣಿ, ಬೊಂಬೆ, ಲಂಗರು

ಚುಕ್ಕಾಣಿಯ ಕೆಲಸ ಚಿಕ್ಕದು. ಹಿತ್ತಾಳೆಯ ಪಟ್ಟಿಯನ್ನು ಬಳೆಯಂತೆ ಮಡಿಚಿ, ಗುಂಡುಸೂಜಿಯ ತುಂಡನ್ನು ಗೂಟವಾಗಿ ಬೆಸೆದು ಕೂರಿಸಿದರೆ ಮುಗಿಯಿತು. ಆದರೆ ಈ ಹಡಗಿನ ಚುಕ್ಕಾಣಿಯನ್ನು ಕೈಯಲ್ಲಿ ಹಿಡಿದವರಿಗೆ 1872 ನೆನಪಾಗದೆ ಇರದು. ಆ ವರ್ಷ ಥರ್ಮೋಪೈಲಿ ಎಂಬ ಹಡಗಿನೊಡನೆ ಶಾಂಘೈಯಿಂದ ಪೈಪೋಟಿಗೆ ಹೊರಟ ಕಟಿ ಸಾರ್ಕ್, ಸುಂಡಾ ಜಲಸಂಧಿ ದಾಟಿ ಹಿಂದೂ ಮಹಾಸಾಗರದಲ್ಲಿ ಮುಂದಿದ್ದಾಗ ಬಿರುಗಾಳಿಗೆ ಚುಕ್ಕಾಣಿಯನ್ನು ಕಳೆದುಕೊಂಡಿತು. ಹತ್ತಿರದ ಬಂದರಿಗೆ ಹೋಗುವ ಬದಲು ಕಪ್ತಾನ ಮೂಡಿ, ಬಡಗಿ ಹೆನ್ರಿ ಹೆಂಡರ್ಸನ್ನನಿಂದ ಹಡಗಿನಲ್ಲಿದ್ದ ಮರ ಮತ್ತು ಕಬ್ಬಿಣದಲ್ಲೇ, ಓಲಾಡುವ ಅಟ್ಟದ ಮೇಲೆ ಕುಲುಮೆ ಹೂಡಿಸಿ ಹೊಸದನ್ನು ಮಾಡಿಸಿದ. ಪೈಪೋಟಿ ಸೋತರು, ಲಂಡನ್ನಿಗೆ ಒಂದು ವಾರ ತಡವಾಗಿ ತಲುಪಿದರು. ಗೆದ್ದ ಹಡಗಿನ ಬಡಗಿಯ ಹೆಸರು ಯಾರ ಬಾಯಲ್ಲೂ ಇಲ್ಲ.

ಮುಂಭಾಗದ ಬೊಂಬೆ ನ್ಯಾನಿ ಎಂಬ ಮಾಟಗಾತಿಯದು. ಕವಿ ರಾಬರ್ಟ್ ಬರ್ನ್ಸ್‌ನ ಕವಿತೆಯಲ್ಲಿ ಅವಳು ಕುದುರೆಯೇರಿ ಓಡುವವನನ್ನು ಬೆನ್ನಟ್ಟಿ ಕುದುರೆಯ ಬಾಲವನ್ನು ಹಿಡಿಯುತ್ತಾಳೆ. ಹಡಗಿನ ಬೊಂಬೆಯೂ ಎಡಗೈಯಲ್ಲಿ ಬಾಲ ಹಿಡಿದೇ ನಿಂತಿದೆ. ಮುರಿದದ್ದು ಅದೇ ಕೈ. ಉದ್ದವೆಲ್ಲ ಸೇರಿ ಬೆರಳಿನ ಒಂದು ಗೆಣ್ಣಿನಷ್ಟಿಲ್ಲದ ಆ ತೋಳನ್ನು ಯಾವುದರಿಂದ ಮಾಡಲಿ ಎಂದು ಯೋಚಿಸಿದಾಗ ಉತ್ತರ ಪಕ್ಕದ ಕಿನ್ನಾಳದಲ್ಲಿತ್ತು. ಅಲ್ಲಿನ ಚಿತ್ರಗಾರರು ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿ ಕಿಟ್ಟ ಎಂಬ ಹದವಾದ ಕಣಕವನ್ನು ಮಾಡಿಕೊಳ್ಳುತ್ತಾರೆ. ಹಗುರ ಮರದ ಬೊಂಬೆಯ ಕೈಕಾಲುಗಳ ಜೋಡಣೆಯನ್ನು ಮರೆಮಾಡುವುದೂ, ಒಡವೆಗಳ ಉಬ್ಬನ್ನು ಏರಿಸುವುದಕ್ಕೆ ಮೊದಲು ಮೈಯನ್ನು ನುಣುಪು ಮಾಡುವುದೂ ಇಂಥ ಲೇಪಗಳಿಂದಲೇ. ತೆಳ್ಳನೆಯ ಹಿತ್ತಾಳೆ ತಂತಿಯನ್ನು ಎಲುಬಾಗಿ ಹುಗಿದು ಅದರ ಸುತ್ತ ಕಿಟ್ಟವನ್ನು ಒಂದರ ಮೇಲೊಂದು ತೆಳು ಪದರವಾಗಿ ಏರಿಸಿ, ಪ್ರತಿ ಪದರವನ್ನೂ ನೆರಳಲ್ಲಿ ಒಣಗಿಸಿ ತೋಳನ್ನು ಪಡೆದೆ. ಎಪಾಕ್ಸಿಯಲ್ಲಿ ಇದೇ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ಆದರೆ ಎಪಾಕ್ಸಿಯನ್ನು ಬಿಡಿಸಲು ಹೋದರೆ ಬೊಂಬೆಯೂ ಹೋಗುತ್ತದೆ. ಕಿಟ್ಟ ನೀರಿಗೆ ಬಿಡುತ್ತದೆ. ಬಾಲಕ್ಕೆ ಬಿಚ್ಚಿ ಹಿಂಜಿದ ಬೂದುಬಣ್ಣದ ದಾರ.

ಲಂಗರಿನ ಬಿಳಿ ಪುಡಿ ಸೀಸದ ಕಾರ್ಬೊನೇಟ್. ಹಳೆಯ ಕಿಟ್‌ಗಳ ಎರಕದ ಭಾಗಗಳಲ್ಲಿ ಸೀಸ ಇರುತ್ತಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಪ್ಲೈವುಡ್ ಮತ್ತು ಬಿಳಿ ಅಂಟುಗಳಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಅದನ್ನು ತಿನ್ನುತ್ತದೆ. ಆ ಪುಡಿ ವಿಷ, ಊದಿ ಹಾರಿಸಬಾರದು. ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಕಟ್ಟಿ ಎಸೆಯಬೇಕು. ಹಳೆಯ ಲಂಗರುಗಳನ್ನು ಉಳಿಸುವ ಮೋಹ ಬಿಟ್ಟು ಹಿತ್ತಾಳೆಯಲ್ಲಿ ಹೊಸವನ್ನು ಅರದಿಂದ ತಿದ್ದಿದೆ, ಪೆಟ್ಟಿಗೆಯ ತಳದಲ್ಲಿ ಬಲೆಬಟ್ಟೆ ಅಂಟಿಸಿದ ಗಾಳಿತೂತುಗಳನ್ನು ಕೊರೆದೆ. ತೂತು ಮಾಡಿದ ಮೇಲೆ ಲವಣದ ಬಟ್ಟಲಿನ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಅದನ್ನು ಹೆಚ್ಚು ಬಾರಿ ನೋಡಿಕೊಳ್ಳಬೇಕು.

ಹಗ್ಗಗಳು

ಮೂಲ ಹಡಗಿನಲ್ಲಿ ಸುಮಾರು 11 ಮೈಲಿ ಉದ್ದದ ಹಗ್ಗವಿತ್ತು. ಅದನ್ನು 75ರಿಂದ ಭಾಗಿಸಿದರೆ 236 ಮೀಟರ್. ಮಾದರಿಯಲ್ಲಿ ಅಷ್ಟನ್ನೂ ಕಟ್ಟುವವರು ವಿರಳ, ನಾನಂತೂ ಕಟ್ಟಿಲ್ಲ. ಆದರೂ ಹೊಸದಾಗಿ ಹಾಕಬೇಕಾದ ದಾರ ಕಡಿಮೆಯದೇನೂ ಅಲ್ಲ. ಮೊದಲು ಬಳಸಿದ್ದು ಹತ್ತಿಯ ದಾರ. ಹತ್ತಿಯ ಹುರಿ ತೇವಕ್ಕೆ ಬಿಗಿಯಾಗುತ್ತದೆ, ಒಣಗಿದರೆ ಸಡಿಲವಾಗುತ್ತದೆ. ಮಂಗಳೂರಿನಲ್ಲಿ ವೀಣೆಯ ತಂತಿಯಂತಿದ್ದವು ಕೊಪ್ಪಳದಲ್ಲಿ ಜೋತುಬಿದ್ದದ್ದಕ್ಕೆ ಇದೇ ಕಾರಣ. ಜೊತೆಗೆ ಹತ್ತಿಯ ದಾರದಿಂದ ಎದ್ದ ನವಿರಿನ ಮೇಲೆಲ್ಲ ಧೂಳು ಕೂತಿತ್ತು.

ಬದಲಿಗೆ ಬೇಕಾದದ್ದು ಪಾಲಿಯೆಸ್ಟರ್, ಅದೂ ಹೊಳಪಿಲ್ಲದ, ಸಣಬಿನ ಬಣ್ಣದ್ದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳೂ ಘಟಕಗಳೂ ಇರುವಷ್ಟು ದಿನ ಇದಕ್ಕೆ ಬರವಿಲ್ಲ. ಜೀನ್ಸಿನ ಜೇಬಿನ ಅಂಚಿಗೆ ಹಾಕುವ ದಪ್ಪ ಹೊಲಿಗೆಯ ಹೊಂಬಣ್ಣದ ದಾರ, ಹಾಯಿಗಳನ್ನೂ ಅಡ್ಡಮರಗಳನ್ನೂ ಆಡಿಸುವ ಓಡುಹಗ್ಗಗಳಿಗೆ ಬಣ್ಣದಲ್ಲೂ ದಪ್ಪದಲ್ಲೂ ಹೊಂದುತ್ತದೆ. ಅಗತ್ಯವಿದ್ದಲ್ಲಿ ಮೂರೆಳೆ ಸೇರಿಸಿ, ದಾರದ ಹುರಿಗೆ ವಿರುದ್ಧವಾಗಿ ಹೊಸೆದರೆ ದಪ್ಪ ಹಗ್ಗ. ಕೂವೆಗಳನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಅದೇ ಅಂಗಡಿಯ ಕಪ್ಪು ದಾರ. ಉಂಡೆಯ ಮೇಲಿನ ನಂಬರು ದಾರದ ತೂಕವನ್ನು ಹೇಳುತ್ತದೆ, ದಪ್ಪವನ್ನಲ್ಲ. ಆದುದರಿಂದ ಪೆನ್ಸಿಲಿಗೆ ಹತ್ತು ಸುತ್ತು ಒತ್ತೊತ್ತಾಗಿ ಸುತ್ತಿ ಅಗಲವನ್ನು ಅಳೆದು ಹತ್ತರಿಂದ ಭಾಗಿಸುತ್ತೇನೆ. ಅರ್ಧ ಮಿಲಿಮೀಟರಿನ ದಾರ ಈ ಅಳತೆಯಲ್ಲಿ 37 ಮಿಲಿಮೀಟರಿಗೂ ಮಿಗಿಲಾದ ಹಗ್ಗವೆಂಬುದನ್ನು ಮರೆಯಬಾರದು. ಹೆಚ್ಚಿನ ಮಾದರಿಗಳು ಆಟಿಕೆಯಂತೆ ಕಾಣುವುದು ಒಡಲಿನಿಂದಲ್ಲ, ದಪ್ಪ ಹಗ್ಗಗಳಿಂದ.

ಪ್ರತಿ ದಾರವನ್ನೂ ಜೇನುಮೇಣದ ಮೇಲೆ ಎಳೆದು, ಬಿಸಿಯಾದ ಬಲ್ಬಿನ ಹತ್ತಿರ ಹಿಡಿದು ಮೇಣವನ್ನು ಒಳಗಿಳಿಸಿ ಬಳಸಬೇಕು. ಹಳೆಯ ಹಗ್ಗಗಳನ್ನು ಕಳಚುವ ಮೊದಲು ಒಂದೊಂದರದೂ ಚಿತ್ರ ತೆಗೆದು, ಎಲ್ಲಿಂದ ಹೊರಟು ಯಾವ ರಾಟೆ ದಾಟಿ ಯಾವ ಗೂಟಕ್ಕೆ ಕಟ್ಟಿತ್ತೆಂದು ಬರೆದಿಟ್ಟುಕೊಂಡಿದ್ದೆ. ಮರು ಕಟ್ಟುವ ಕ್ರಮ ಕೂವೆಯ ಬುಡದಿಂದ ತುದಿಗೆ, ನಡುವಿನಿಂದ ಹೊರಕ್ಕೆ. ಎಡಕ್ಕೊಂದು ಕಟ್ಟಿದರೆ ಮುಂದಿನದು ಬಲಕ್ಕೆ, ಇಲ್ಲದಿದ್ದರೆ ಕೂವೆ ವಾಲುತ್ತದೆ. ಹಗ್ಗದ ಏಣಿಗಳೇ ಹೆಚ್ಚು ಸಮಯ ತಿನ್ನುವಂಥವು. ಮನುಷ್ಯ ಹತ್ತುವ ಮೆಟ್ಟಿಲಿನ ಅಂತರ ಸುಮಾರು 35 ಸೆಂಟಿಮೀಟರ್ ಎಂದರೆ ಇಲ್ಲಿ 4.7 ಮಿಲಿಮೀಟರ್. ಗೆರೆ ಎಳೆದ ಕಾಗದವನ್ನು ಹಿಂದೆ ಸಿಕ್ಕಿಸಿ, ಒಂದೊಂದು ಉದ್ದಹಗ್ಗಕ್ಕೂ ಕ್ಲೋವ್ ಹಿಚ್ ಗಂಟು ಹಾಕುತ್ತ, ಅಂಚಿನ ಹಗ್ಗಗಳನ್ನು ಒಳಕ್ಕೆ ಸೆಳೆಯದಂತೆ ಎಚ್ಚರದಿಂದ ಸಾಗಬೇಕು. ಇಪ್ಪತ್ತೈದರ ವಯಸ್ಸಿನಲ್ಲಿ ಬರಿಗಣ್ಣಿನಲ್ಲಿ ಹಾಕಿದ ಗಂಟುಗಳನ್ನು ಈಗ ಭೂತಗನ್ನಡಿಯ ದೀಪದ ಕೆಳಗೆ ಹಾಕುತ್ತಿದ್ದೇನೆ, ನಡುವೆ ನಿಲ್ಲಿಸಿ ಕಣ್ಣು ಮುಚ್ಚಿ ಕೂರುತ್ತೇನೆ. ಗಂಟುಗಳು ಮಾತ್ರ ಆಗಿನವಕ್ಕಿಂತ ಸಮವಾಗಿ ಬರುತ್ತಿವೆ.

ಹಾಯಿಗಳನ್ನು ಹಾಕುವುದಿಲ್ಲ. ನಿಜವಾದ ಹಡಗಿಗೆ 32 ಹಾಯಿಗಳಿದ್ದವು. ಆದರೆ ಎಷ್ಟೇ ತೆಳುವಾದ ಬಟ್ಟೆಯ ನೇಯ್ಗೆಯೂ ಈ ಅಳತೆಗೆ ಗೋಣಿಯಂತೆ ಕಾಣುತ್ತದೆ, ಮತ್ತು ಇಷ್ಟು ಕಷ್ಟಪಟ್ಟು ಕಟ್ಟಿದ ಹಗ್ಗಗಳನ್ನು ಅವು ಮರೆಮಾಡುತ್ತವೆ.

ಈಗ ಮುಂಗೂವೆ ಮತ್ತು ನಡುಗೂವೆಯ ಆಧಾರಹಗ್ಗಗಳು, ಏಣಿಗಳು ಮುಗಿದಿವೆ. ಹಿಂಗೂವೆಯ ಏಣಿಗಳೂ ಅಡ್ಡಮರಗಳನ್ನು ತಿರುಗಿಸುವ ಓಡುಹಗ್ಗಗಳೂ ಬಾಕಿ. ಅವಕ್ಕೆ 0.25 ಮತ್ತು 0.35 ಮಿಲಿಮೀಟರಿನ ಹೊಂಬಣ್ಣದ ದಾರ ತಂದಿಟ್ಟಾಗಿದೆ, ಮೇಣ ಹಚ್ಚಬೇಕು. ಬೇವಿನ ಸೀಳುಗಳ ಪಕ್ಕದ ಸಂದುಗಳನ್ನು ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ಫೀಲರ್ ಗೇಜಿನಿಂದ ಅಳೆದು, ಪೆಟ್ಟಿಗೆಯೊಳಗಿನ ತೇವಾಂಶದ ಅಂಕಿಯೊಡನೆ ಬರೆದಿಡುವುದಿದೆ, ಗೆರೆ 0.2 ಮಿಲಿಮೀಟರ್ ದಾಟಿದರೆ ಲವಣದ ಎರಡನೆಯ ಬಟ್ಟಲನ್ನು ಇಡಬೇಕಾಗುತ್ತದೆ.